ಅಮಾನುಲ್ಲಾ ಬಿದ್ದ, ರೆಜಾ ಶಾ ನಿಂತ: ಏಕೆ?

ಪ್ರಶ್ನೆ: ಅಫ್ಘಾನಿಸ್ತಾನದ ಅಮಾನುಲ್ಲಾ, ಇರಾನಿನ ರೆಜಾ ಶಾ ಇಬ್ಬರೂ ಒಂದೇ ಕಾಲದ ಸುಧಾರಕರು. ಒಬ್ಬ ಹತ್ತೇ ವರ್ಷಕ್ಕೆ ಪದಚ್ಯುತನಾದ, ಇನ್ನೊಬ್ಬ ಉಳಿದ. ವ್ಯತ್ಯಾಸ ಎಲ್ಲಿತ್ತು?

ಉತ್ತರ: ಮುಖ್ಯವಾಗಿ ಸೈನ್ಯದಲ್ಲಿ. 1921ರ ಸೈನಿಕ ದಂಗೆಯಿಂದ ಮೇಲೆ ಬಂದ ರೆಜಾ ಮೊದಲು ಚದುರಿದ್ದ ಪಡೆಗಳನ್ನು ಒಂದುಗೂಡಿಸಿದ, 1925ರಲ್ಲಿ ಕಡ್ಡಾಯ ಸೈನಿಕ ಸೇವೆ ತಂದ, ಬುಡಕಟ್ಟುಗಳನ್ನು ಬಗ್ಗಿಸಿದ. ಉಡುಗೆ ಕಾನೂನುಗಳು ಬಂದದ್ದು ಆಮೇಲೆ. ಮುಸುಕಿನ ನಿಷೇಧವಂತೂ 1936ರಲ್ಲಿ. ಅಮಾನುಲ್ಲಾನದು ತಲೆಕೆಳಗಾದ ಕ್ರಮ. 1919ರಲ್ಲಿ ಬ್ರಿಟಿಷರ ಹಿಡಿತದಿಂದ ವಿದೇಶಾಂಗ ನೀತಿಯನ್ನು ಬಿಡಿಸಿಕೊಂಡು, 1923ರಲ್ಲಿ ಸಂವಿಧಾನ ಕೊಟ್ಟ. ಆದರೆ ಸೈನಿಕರ ಸಂಬಳಕ್ಕೇ ಕತ್ತರಿ ಹಾಕಿದ. 1924ರಲ್ಲಿ ಪೂರ್ವ ಅಫ್ಘಾನಿಸ್ತಾನದ ಖೋಸ್ತ್‌ನಲ್ಲಿ ಬುಡಕಟ್ಟುಗಳು ಎದ್ದ ದಂಗೆಯೇ ಎಚ್ಚರಿಕೆಯಾಗಿತ್ತು. ಯುರೋಪ್ ಪ್ರವಾಸದಿಂದ 1928ರಲ್ಲಿ ಮರಳಿ ಸುಧಾರಣೆಗೆ ಇನ್ನಷ್ಟು ವೇಗ ಕೊಟ್ಟ. ನವೆಂಬರಿನಲ್ಲಿ ಶಿನ್ವಾರಿ ಬುಡಕಟ್ಟಿನವರು ತಿರುಗಿಬಿದ್ದಾಗ ಕಾಪಾಡುವ ಸೈನ್ಯವಿರಲಿಲ್ಲ. 1929ರ ಜನವರಿಯಲ್ಲಿ ಸಿಂಹಾಸನ ಬಿಟ್ಟ.

ರೆಜಾನ ದೊಡ್ಡ ಕುರುಹು 1,394 ಕಿ.ಮೀ. ರೈಲುಮಾರ್ಗ, 1938ರಲ್ಲಿ ಮುಗಿಯಿತು. ವಿದೇಶಿ ಸಾಲವಿಲ್ಲ, ಖರ್ಚು ಬಂದದ್ದು ಚಹಾ–ಸಕ್ಕರೆಯ ತೆರಿಗೆಯಿಂದ. ಅಂದರೆ ಬಡವರ ಲೋಟದಿಂದ. ಇಸ್ಫಹಾನ್, ತಬ್ರೀಜ್‌ನಂಥ ದೊಡ್ಡ ನಗರಗಳು ಅದರ ದಾರಿಯಲ್ಲಿರಲೇ ಇಲ್ಲ. ಆತನೂ ಪೂರ್ತಿ ಗೆದ್ದನೆನ್ನಲಾಗದು: 1941ರಲ್ಲಿ ಬ್ರಿಟಿಷ್–ಸೋವಿಯತ್ ಪಡೆಗಳು ನುಗ್ಗಿದಾಗ ಆತ ಕಟ್ಟಿದ ಸೈನ್ಯ ಕೆಲವೇ ದಿನಗಳಲ್ಲಿ ಕುಸಿಯಿತು. ರೆಜಾ ಪದತ್ಯಾಗ ಮಾಡಿ ಗಡೀಪಾರಾದ, ಅದೇ ರೈಲು ಸೋವಿಯತ್ತಿಗೆ ಯುದ್ಧಸಾಮಗ್ರಿ ಹೊತ್ತಿತು.