ಲಾರಿ ಪ್ರಶ್ನೋತ್ತರ: ಪಂಪ್ ಇಳಿಸುವ ಮಾತು ಕೊನೆಗಿರಲಿ

ಪ್ರಶ್ನೆ: ಕಳಂಬೊಲಿ ಸ್ಟೀಲ್ ಮಾರ್ಕೆಟ್‌ನಿಂದ ಪುಣೆಗೆ ಮಾಲು ಒಯ್ಯುವ ಹಳೇ ಲಾರಿ ನನ್ನದು. ಆರು ಸಿಲಿಂಡರ್, ಟರ್ಬೊ, ಸಿಲಿಂಡರುಗಳಿಗೆ ಡೀಸೆಲ್ ಹಂಚುವ ಇನ್‌ಲೈನ್ ಪಂಪ್. ಖಾಲಿ ಓಡಿಸಿದರೆ ಏನೂ ತೊಂದರೆಯಿಲ್ಲ. ಲೋಡ್ ಹಾಕಿಕೊಂಡು ಖೋಪೋಲಿ ದಾಟಿ ಘಾಟ್ ಹತ್ತುವಾಗ ಎಳೆಯುವುದೇ ಇಲ್ಲ. ಹೊಗೆಯೂ ಹೆಚ್ಚಿಲ್ಲ. ಎರಡೂ ಡೀಸೆಲ್ ಫಿಲ್ಟರ್ ಹೊಸದು ಹಾಕಿದೆ. ಪಂಪ್ ಇಳಿಸಿ ಕ್ಯಾಲಿಬ್ರೇಷನ್ ಮಾಡಿಸಿ ಅಂತಾರೆ ಮಿಸ್ತ್ರಿ. ಮಾಡಿಸಲೇ?
ಲಾರಿ ಮಾಲೀಕರು, ಕಳಂಬೊಲಿ

ಉತ್ತರ: ಈಗಲೇ ಬೇಡ. ‘ಹೊಗೆಯೂ ಹೆಚ್ಚಿಲ್ಲ’ ಎಂದು ಬರೆದಿದ್ದೀರಲ್ಲ, ಸುಳಿವು ಅಲ್ಲೇ ಇದೆ. ಏರ್ ಫಿಲ್ಟರ್ ಕಟ್ಟಿಕೊಂಡು ಎಳೆತ ಹೋಗಿದ್ದರೆ ಕಪ್ಪು ಹೊಗೆ ಕಾಣಬೇಕಿತ್ತು. ಹೊಗೆಯಿಲ್ಲದೆ ಎಂಜಿನ್ ಸೋಲುತ್ತಿದೆ ಎಂದರೆ ಡೀಸೆಲ್ಲೇ ಸಾಲುತ್ತಿಲ್ಲ. ಎಲ್ಲಿ ಅಡ್ಡಿಯಾಗಿದೆ ಎಂದು ನೋಡುವುದಕ್ಕೆ ಪಂಪ್ ಇಳಿಸಬೇಕಾಗಿಲ್ಲ.

ದುಡ್ಡು ಖರ್ಚಿಲ್ಲದ ಪರೀಕ್ಷೆ ಮೊದಲು. ಎಂಜಿನ್ ಬಂದ್ ಮಾಡಿ ಒಬ್ಬರು ಆಕ್ಸಿಲರೇಟರ್ ಪೂರ್ತಿ ಒತ್ತಲಿ, ಇನ್ನೊಬ್ಬರು ಪಂಪಿನ ಲಿವರ್ ನೋಡಲಿ. ಲಿವರ್ ಹೋಗಿ ಗರಿಷ್ಠ ವೇಗದ ಸ್ಟಾಪ್ ಸ್ಕ್ರೂಗೆ ತಾಗಲೇಬೇಕು. ಬುಷ್ ಸವೆದು, ಲಿಂಕ್ ಬಗ್ಗಿ ಅಥವಾ ಪೆಡಲ್ ಕೆಳಗೆ ಮ್ಯಾಟ್ ಮಡಚಿ ಕೂತು ಅರ್ಧಕ್ಕೇ ನಿಲ್ಲುವುದುಂಟು. ಎಂಜಿನ್ ನಿಲ್ಲಿಸುವ ಲಿವರನ್ನೂ ನೋಡಿ. ಮಳೆಗಾಲದಲ್ಲಿ ಅದರ ಕೇಬಲ್ ತುಕ್ಕು ಹಿಡಿದು ಪೂರ್ತಿ ಹಿಂದಕ್ಕೆ ಬರದಿದ್ದರೆ ಪಂಪ್ ಡೀಸೆಲ್ ಕಡಿಮೆ ಕೊಡುತ್ತದೆ.

ಇನ್ನು ಟ್ಯಾಂಕು. ಘಾಟ್‌ನಲ್ಲಿ ಸೋತಾಗ ಗಾಡಿಯನ್ನು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಟ್ಯಾಂಕಿನ ಮುಚ್ಚಳ ಸಡಿಲಿಸಿ. ‘ಸುಸ್’ ಎಂದು ಗಾಳಿ ಒಳಗೆ ಹೋಗಿ, ಆಮೇಲೆ ಗಾಡಿ ಎಳೆದರೆ ಟ್ಯಾಂಕಿಗೆ ಗಾಳಿ ಹೋಗುವ ವೆಂಟ್ ಮುಚ್ಚಿದೆ ಎಂದರ್ಥ. ಹತ್ತು ನಿಮಿಷ ನಿಲ್ಲಿಸಿದರೆ ತಾನಾಗಿ ಸರಿಹೋಗಿ ಮತ್ತೆ ಸೋಲುತ್ತಿದ್ದರೆ ಟ್ಯಾಂಕಿನೊಳಗಿನ ಸಕ್ಷನ್ ಜಾಳಿಗೆ ಕಸ ಅಂಟುತ್ತಿರಬೇಕು. ಡೀಸೆಲ್ ಎಳೆಯುವುದು ನಿಂತಾಗ ಕಸ ಕೆಳಗೆ ಬೀಳುತ್ತದೆ, ಎಂಜಿನ್ ಓಡಿದಾಗ ಮತ್ತೆ ಮೆತ್ತಿಕೊಳ್ಳುತ್ತದೆ.

ಟ್ಯಾಂಕಿನಿಂದ, ಡೀಸೆಲ್ ಎಳೆದು ಮುಖ್ಯ ಪಂಪಿಗೆ ಕೊಡುವ ಫೀಡ್ ಪಂಪ್‌ವರೆಗಿನ ಪೈಪಿನಲ್ಲಿ ತೂತಿದ್ದರೆ ಎಂಜಿನ್ ಓಡುವಾಗ ಡೀಸೆಲ್ ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಕಣ್ಣಿಗೆ ಕಾಣದೆ ಎಲ್ಲರನ್ನೂ ಸುಸ್ತು ಮಾಡುವ ದೋಷ ಇದು. ಫೀಡ್ ಪಂಪಿನ ಮುಂಚೆ ಡೀಸೆಲ್ ತಾಗಿದರೂ ಕೆಡದ ಪಾರದರ್ಶಕ ಪೈಪಿನ ತುಂಡೊಂದನ್ನು ಹಾಕಿ ಎಂಜಿನ್ ಓಡಿಸಿ. ಗುಳ್ಳೆ ಬಂದರೆ ತಪ್ಪು ಟ್ಯಾಂಕಿನ ಕಡೆಯದು: ಒಣಗಿದ ರಬ್ಬರ್ ಹೋಸು, ಸಡಿಲ ಕ್ಲಿಪ್ಪು, ಒಮ್ಮೆ ಬಳಸಿದ ತಾಮ್ರದ ವಾಷರ್. ಇಲ್ಲಿ ಗುಳ್ಳೆಯಿಲ್ಲದೆ ಫೀಡ್ ಪಂಪಿನ ಆಚೆ ಕಂಡರೆ ಕೈಯಿಂದ ಡೀಸೆಲ್ ತುಂಬುವ ಹ್ಯಾಂಡ್ ಪ್ರೈಮರ್ ನೋಡಿ. ಅದರ ಗುಬ್ಬಿಯನ್ನು ಒತ್ತಿ ತಿರುಗಿಸಿ ಬಿಗಿ ಮಾಡದಿದ್ದರೂ ಗಾಳಿ ಎಳೆಯುತ್ತದೆ.

ಗಾಳಿ ಇಲ್ಲದಿದ್ದರೆ ಒತ್ತಡ ಅಳೆಯಿರಿ. ಎರಡನೇ ಫಿಲ್ಟರ್ ಮತ್ತು ಪಂಪಿನ ನಡುವೆ 0–4 ಬಾರ್ ಗೇಜ್ ಕೂಡಿಸಿ ಪೂರ್ತಿ ರೇಸ್ ಕೊಡಿ. ಇಂಥ ಪಂಪುಗಳಲ್ಲಿ ಸಾಮಾನ್ಯವಾಗಿ 1ರಿಂದ 1.5 ಬಾರ್ ಸಿಗಬೇಕು. ನಿಮ್ಮ ಎಂಜಿನ್ನಿನ ಪುಸ್ತಕದಲ್ಲಿರುವ ಅಂಕಿಯೇ ಅಂತಿಮ. ಕಡಿಮೆಯಿದ್ದರೆ ಫೀಡ್ ಪಂಪಿನ ಒಳಬರುವ ಬೋಲ್ಟಿನ ಪುಟ್ಟ ಜಾಳಿ ತೊಳೆಯಿರಿ, ಅದರ ವಾಲ್ವುಗಳನ್ನು ಪರೀಕ್ಷಿಸಿ. ಆಮೇಲೆ ಪಂಪಿನ ರಿಟರ್ನ್ ಕಡೆ ಒತ್ತಡ ಹಿಡಿದಿಡುವ ಓವರ್‌ಫ್ಲೋ ವಾಲ್ವ್ ನೋಡಿ. ನೋಡಲು ಪೈಪು ಕೂಡಿಸುವ ಸಾದಾ ಬ್ಯಾಂಜೊ ಬೋಲ್ಟಿನಂತೆಯೇ ಇರುವುದರಿಂದ ಕಳೆದುಹೋದಾಗ ಯಾರಾದರೂ ಸಾದಾ ಬೋಲ್ಟೇ ಹಾಕಿಬಿಟ್ಟಿರುತ್ತಾರೆ. ಆಗ ಡೀಸೆಲ್ಲೆಲ್ಲ ಟ್ಯಾಂಕಿಗೆ ವಾಪಸ್ಸು. ಖಾಲಿ ಗಾಡಿಯಲ್ಲಿ ಗೊತ್ತಾಗದ ಕೊರತೆ ಘಾಟ್‌ನಲ್ಲಿ ಎದ್ದು ಕಾಣುತ್ತದೆ. ಸ್ಪ್ರಿಂಗ್ ಎಳೆದು ಉದ್ದ ಮಾಡುವ ರಿಪೇರಿ ಬೇಡ, ವಾಲ್ವನ್ನೇ ಬದಲಿಸಿ.

ನಿಮ್ಮದು ಟರ್ಬೊ ಗಾಡಿ. ಪಂಪಿನ ಮೇಲೆ, ಟರ್ಬೊ ಗಾಳಿಯ ಒತ್ತಡಕ್ಕೆ ತಕ್ಕಂತೆ ಡೀಸೆಲ್ ಹೆಚ್ಚಿಸುವ ಬೂಸ್ಟ್ ಡಬ್ಬಿ ಇದ್ದರೆ ಅದಕ್ಕೆ ಬರುವ ಸಣ್ಣ ಪೈಪು ಒಡೆದಿದೆಯೇ, ಡಯಾಫ್ರಮ್ ಹರಿದಿದೆಯೇ ನೋಡಿ. ಹಾಗಾದಾಗಲೂ ಹೊಗೆಯಿಲ್ಲದೆ ಶಕ್ತಿ ಇಳಿಯುತ್ತದೆ.

ಇಷ್ಟೂ ಸರಿಯಿದ್ದರೆ ಮಿಸ್ತ್ರಿಯ ಮಾತು ಕೇಳಿ. ಬಿಚ್ಚುವ ಮೊದಲು ಟೈಮಿಂಗ್ ಗುರುತು ಹಾಕಿಕೊಳ್ಳಲಿ. ಪಂಪಿನ ಪ್ಲೇಟಿನ ಮೇಲಿನ ನಂಬರ್ ಬರೆದಿಟ್ಟುಕೊಳ್ಳಿ, ಭಾಗ ಕೊಳ್ಳುವಾಗ ಅದೇ ಮುಖ್ಯ. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ, ಇಂಥ ಪಂಪ್ ತಯಾರಿಸುವ ಮೈಕೋ ಕಂಪನಿ 2008ರಲ್ಲಿ ಬಾಷ್ ಎಂದಾದರೂ ಪಂಪ್ ಶಾಪ್‌ಗಳಲ್ಲಿ ಅದಿನ್ನೂ ಮೈಕೋ ಪಂಪೇ. ಡೀಸೆಲ್ ಪ್ರಮಾಣದ ಸೀಲ್ ಹಾಕಿದ ಸ್ಕ್ರೂ ತಿರುಗಿಸಿ ‘ಪಿಕಪ್ ಬಂತು’ ಎನ್ನುವವರನ್ನು ಮಾತ್ರ ದೂರವಿಡಿ. ಬರುವುದು ಕಪ್ಪು ಹೊಗೆ, ಆಮೇಲೆ ಸುಟ್ಟ ಪಿಸ್ಟನ್.

ಪ್ರಶ್ನೆ: ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬಿಳಿ ಹೊಗೆ, ಮಿಸ್ ಹೊಡೆಯುತ್ತದೆ. ಬಿಸಿಯಾದ ಮೇಲೆ ಸ್ವಲ್ಪ ಸರಿ. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಮೂರು ನಾಝಲ್ ಬದಲಿಸಿ ದುಡ್ಡು ಕಳೆದುಕೊಂಡೆ.
ಚಾಲಕರು, ನಿಗಡಿ, ಪುಣೆ

ಉತ್ತರ: ಯಾವ ಸಿಲಿಂಡರ್ ಎಂದು ತಿಳಿಯದೆ ನಾಝಲ್ ಬದಲಿಸುವುದು ಕತ್ತಲಲ್ಲಿ ಕಲ್ಲೆಸೆದ ಹಾಗೆ. ಹೊಗೆಗೆ ಡೀಸೆಲ್ ವಾಸನೆಯಿದ್ದು ಕಣ್ಣು ಉರಿದರೆ ಉರಿಯದ ಡೀಸೆಲ್ ಅದು. ವಾಸನೆಯಿಲ್ಲದೆ ರೇಡಿಯೇಟರ್ ನೀರು ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಕಡೆ ಹೋಗಿ.

ಡೀಸೆಲ್ ವಾಸನೆಯಾದರೆ ಕನ್ನಡಕ, ಕೈಗವಸು ಹಾಕಿಕೊಳ್ಳಿ. ಎಂಜಿನ್ ಐಡಲ್‌ನಲ್ಲಿರಲಿ. ನಾಝಲ್ ಕಡೆಯ ಪೈಪ್ ನಟ್ಟಿಗೆ ಬಟ್ಟೆ ಸುತ್ತಿ ಅರ್ಧ ಸುತ್ತು ಸಡಿಲಿಸಿ, ಮತ್ತೆ ಬಿಗಿ ಮಾಡಿ. ಹೀಗೆ ಒಂದೊಂದಾಗಿ ಎಲ್ಲವನ್ನೂ. ಎಂಜಿನ್ ಸದ್ದು ಕುಗ್ಗಿದರೆ ಆ ಸಿಲಿಂಡರ್ ದುಡಿಯುತ್ತಿದೆ. ಸದ್ದು ಬದಲಾಗದ್ದೇ ಕಳ್ಳ. ಅದು ನಾಲ್ಕನೆಯದು ಅನ್ನಿ, ಅದರ ನಾಝಲ್ ತೆಗೆದು ಎರಡಕ್ಕೆ ಹಾಕಿ, ಎರಡರದ್ದು ನಾಲ್ಕಕ್ಕೆ. ತೊಂದರೆಯೂ ಎರಡಕ್ಕೆ ಬಂದರೆ ನಾಝಲ್ ಕೆಟ್ಟಿದೆ. ನಾಲ್ಕರಲ್ಲೇ ಉಳಿದರೆ ಪಂಪಿನ ಡೆಲಿವರಿ ವಾಲ್ವ್ ಇಲ್ಲವೇ ಕಂಪ್ರೆಷನ್.

ಶಾಪ್‌ನಲ್ಲಿ ನಾಝಲ್ ಪರೀಕ್ಷಿಸುವಾಗ ಎದುರು ನಿಂತು ನೋಡಿ. ತೆರೆಯುವ ಒತ್ತಡಕ್ಕಿಂತ 20 ಬಾರ್ ಕಡಿಮೆಯಲ್ಲಿ 10 ಸೆಕೆಂಡ್ ಹಿಡಿದಿಟ್ಟರೂ ತುದಿಯಿಂದ ಹನಿ ಬೀಳಬಾರದು. ಸ್ಪ್ರೇಗೆ ಕೈ ಒಡ್ಡಬೇಡಿ. ಅದು ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಕೂರಿಸುವಾಗ ಹಳೇ ವಾಷರ್ ತಳದಲ್ಲಿ ಅಂಟಿ ಉಳಿದಿದ್ದರೆ ತೆಗೆದು, ಹೊಸದು ಒಂದೇ ಹಾಕಿ. ಎರಡು ಹಾಕಿದರೆ ನಾಝಲ್ ಮೇಲಕ್ಕೆದ್ದು ಸ್ಪ್ರೇ ಪಿಸ್ಟನ್ ಬೌಲ್‌ನ ಸರಿಯಾದ ಜಾಗಕ್ಕೆ ಬೀಳುವುದಿಲ್ಲ.

ಪ್ರಶ್ನೆ: ಮುರಗಾಂವ್ ಬಂದರಿನಿಂದ ಅನ್ಮೋಡ್ ಘಾಟ್ ಮೇಲೆ ಬೆಳಗಾವಿಗೆ ಗಾಡಿ ಓಡಿಸುತ್ತೇವೆ. ಎಂಜಿನ್ ಆಯಿಲ್ ಕಡಿಮೆಯಾಗುವ ಬದಲು ಏರುತ್ತಿದೆ, ಡೀಸೆಲ್ ವಾಸನೆಯೂ ಇದೆ.
ಓದುಗರು, ವಾಸ್ಕೊ

ಉತ್ತರ: ಗಾಡಿ ನಿಲ್ಲಿಸಿ. ತೆಳುವಾದ ಆಯಿಲ್ ಬೇರಿಂಗ್ ತಿನ್ನುತ್ತದೆ. ಮಟ್ಟ ತೀರಾ ಏರಿದರೆ ಎಂಜಿನ್ ಆಯಿಲನ್ನೇ ಎಳೆದು ಉರಿಸಿ ಹಿಡಿತ ತಪ್ಪಿ ಓಡಬಹುದು. ಮಿಸ್, ಬಿಳಿ ಹೊಗೆ ಜೊತೆಗಿದ್ದರೆ ಸುರಿಯುವ ನಾಝಲ್, ಮೇಲೆ ಹೇಳಿದ ಹಾಗೆ ಹುಡುಕಿ. ಎಂಜಿನ್ ಸಲೀಸಾಗಿದ್ದೂ ಆಯಿಲ್ ಏರಿದರೆ ಮೊದಲ ಅನುಮಾನ ಫೀಡ್ ಪಂಪಿನ ಸ್ಪಿಂಡಲ್ ಮೇಲೆ. ಅದು ಸವೆದರೆ ಡೀಸೆಲ್ಲು ಮುಖ್ಯ ಪಂಪಿನ ಕ್ಯಾಮ್ ಕೋಣೆಗೆ ಇಳಿಯುತ್ತದೆ. ಎಂಜಿನ್ ಆಯಿಲ್ಲೇ ಆ ಕೋಣೆಗೂ ಹರಿಯುವ ಪಂಪಾದರೆ ಅಲ್ಲಿಂದ ಎಂಜಿನ್ ತಳದ ಆಯಿಲ್ ಸಂಪ್‌ಗೆ ದಾರಿ ನೇರ. ಫೀಡ್ ಪಂಪ್ ಅಗ್ಗ, ಮೊದಲು ಅದನ್ನೇ ಬದಲಿಸಿ. ಆಯಿಲ್, ಆಯಿಲ್ ಫಿಲ್ಟರ್ ಎರಡೂ ಹೊಸದು ಹಾಕಿ, 100 ಕಿ.ಮೀ. ಓಡಿಸಿ ಡಿಪ್‌ಸ್ಟಿಕ್ ನೋಡಿ. ಮತ್ತೆ ಏರಿದ್ದರೆ ಮುಖ್ಯ ಪಂಪಿನ ಪ್ಲಂಜರ್, ಬ್ಯಾರೆಲ್ ಸವೆದಿವೆ. ಆಗ ಪಂಪ್ ಇಳಿಸಲೇಬೇಕು.