2147483647ನ್ನು ಎಷ್ಟು ಸಲ ಭಾಗಿಸಬೇಕು?

ಪ್ರಶ್ನೆ: ಪ್ರೋಗ್ರಾಮಿಂಗ್ ಕಲಿಯುವಾಗ 2147483647 ಪದೇ ಪದೇ ಎದುರಾಗುತ್ತದೆ. ಇದು ಅವಿಭಾಜ್ಯ ಸಂಖ್ಯೆ, 1772ರಲ್ಲೇ ಗಣಿತಜ್ಞ ಆಯ್ಲರ್ ತೋರಿಸಿದ್ದರು ಎಂದು ಓದಿದೆ. ಕಂಪ್ಯೂಟರ್ ಇಲ್ಲದ ಕಾಲ ಅದು. ಕೂತು ಎಲ್ಲದರಿಂದಲೂ ಭಾಗಿಸಿದರಾ?

ಉತ್ತರ: ಭಾಗಿಸಿದ್ದು ನಿಜ. ಎಲ್ಲದರಿಂದಲೂ ಅಲ್ಲ.

ಎಲ್ಲದರಿಂದಲೂ ಭಾಗಿಸಲು ಹೊರಟವನು ನಾನು! ಕಾಲೇಜು ರಜೆಯಲ್ಲಿ, ಹಳೇ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ. ಸಣ್ಣ ಅವಿಭಾಜ್ಯಗಳಿಂದ ಶುರು ಮಾಡಿ ಮೂರನೇ ದಿನ 311ಕ್ಕೆ ಬಂದೆ. ಶೇಷ ಸೊನ್ನೆ! ಮನೆಯವರನ್ನೆಲ್ಲ ಕರೆದು ತೋರಿಸಿದೆ. ಸಂಜೆ ಮತ್ತೆ ನೋಡಿದರೆ ಕಳೆಯುವಾಗ ಒಂದು ಕಡೆ ಎಡವಿದ್ದೆ. ನಿಜವಾದ ಶೇಷ 35. ನೋಟ್‌ಬುಕ್ ಮುಚ್ಚಿಟ್ಟೆ. ಮುಚ್ಚಿಟ್ಟಿದ್ದೇ ಒಳ್ಳೆಯದಾಯಿತು. ವರ್ಗಮೂಲದವರೆಗೆ, ಅಂದರೆ 46340ರವರೆಗೆ ಹೋಗಬೇಕಿತ್ತು. ಅಷ್ಟರಲ್ಲಿ ಅವಿಭಾಜ್ಯಗಳೇ ನಾಲ್ಕು ಸಾವಿರಕ್ಕೂ ಜಾಸ್ತಿ.

ಈ ಸಂಖ್ಯೆ ಬಂದಿದ್ದು ಹೇಗೆ ನೋಡಿ. 31 ಎರಡುಗಳನ್ನು ಗುಣಿಸಿ, 1 ಕಳೆದರೆ ಇದು ಸಿಗುತ್ತದೆ. (ಬೈನರಿಯಲ್ಲಿ, ಅಂದರೆ ಕಂಪ್ಯೂಟರ್ ಬಳಸುವ 0 ಮತ್ತು 1ರಲ್ಲಿ, ಬರೆದರೆ ಸಾಲಾಗಿ 31 ಒಂದುಗಳು. ನಿಮಗೆ ಪದೇ ಪದೇ ಸಿಗುವುದು ಅದಕ್ಕೇ.) ಇಂಥ ಸಂಖ್ಯೆಯನ್ನು ಯಾವ ಅವಿಭಾಜ್ಯ ಬೇಕಾದರೂ ಭಾಗಿಸಲು ಆಗುವುದಿಲ್ಲ. ಚಿಕ್ಕದೊಂದನ್ನು ತೆಗೆದುಕೊಳ್ಳೋಣ. 11 ಎರಡುಗಳನ್ನು ಗುಣಿಸಿ 1 ಕಳೆದರೆ 2047. ಅದು 23 × 89. ಎರಡರಲ್ಲೂ 1 ಕಳೆಯಿರಿ: 22 ಮತ್ತು 88. ಎರಡೂ 22ರ ಮಗ್ಗಿಯಲ್ಲಿವೆ, 22 ಅಂದರೆ 11ರ ಎರಡರಷ್ಟು. ಇದು ಆಕಸ್ಮಿಕ ಅಲ್ಲ. ಗಣಿತಜ್ಞ ಫರ್ಮಾ ಕಂಡ ನಿಯಮದಿಂದ ಬರುವ ಗುಣ. ನಮ್ಮ ಸಂಖ್ಯೆಗೆ 11ರ ಬದಲು 31, ಹಾಗಾಗಿ ಭಾಗಿಸುವ ಅವಿಭಾಜ್ಯದಲ್ಲಿ 1 ಕಳೆದರೆ ಅದು 62ರ ಮಗ್ಗಿಯಲ್ಲಿ ಇರಲೇಬೇಕು.

ಇನ್ನೊಂದು ಜರಡಿಯೂ ಇದೆ: 8ರಿಂದ ಭಾಗಿಸಿದಾಗ ಆ ಅವಿಭಾಜ್ಯ 1 ಅಥವಾ 7 ಉಳಿಸಬೇಕು. ಎರಡೂ ಜರಡಿ ಹಿಡಿದರೆ, 248ರಿಂದ ಭಾಗಿಸಿದಾಗ 1 ಅಥವಾ 63 ಉಳಿಸುವ ಅವಿಭಾಜ್ಯಗಳನ್ನು ಮಾತ್ರ ನೋಡಿದರೆ ಸಾಕು. 1500ರ ಒಳಗೆ 239 ಅವಿಭಾಜ್ಯಗಳಿವೆ. ಜರಡಿಯಲ್ಲಿ ಉಳಿಯುವುದು ಮೂರೇ: 311, 1303, 1489.

ಹೌದು, ಅದೇ 311. ಆಯ್ಲರ್ ಶುರು ಮಾಡುವ ಜಾಗದಲ್ಲಿ ನಾನು ನಿಲ್ಲಿಸಿದ್ದೆ. ಅದಕ್ಕಿಂತ ಮುಂಚಿನ 63 ಅವಿಭಾಜ್ಯಗಳನ್ನು ಮುಟ್ಟುವ ಅಗತ್ಯವೇ ಇರಲಿಲ್ಲ. ಅವರ ದೃಷ್ಟಿ ಆ ಹೊತ್ತಿಗೆ ಬಹುತೇಕ ಹೋಗಿತ್ತು ಅನ್ನುವುದನ್ನು ನೆನೆದರೆ ನನಗೆ ಇನ್ನಷ್ಟು ನಾಚಿಕೆ.

ಪ್ರಶ್ನೆ: 2024ರಲ್ಲಿ ಸಿಕ್ಕ, ನಾಲ್ಕು ಕೋಟಿಗೂ ಜಾಸ್ತಿ ಅಂಕಿಗಳ ಅವಿಭಾಜ್ಯದ ಕೊನೆಯ ಅಂಕಿ ಯಾವುದು?

ಉತ್ತರ: 1. ಇದಕ್ಕೆ ಕಾಗದವೂ ಬೇಡ. ಅದು 136279841 ಎರಡುಗಳನ್ನು ಗುಣಿಸಿ 1 ಕಳೆದ ಸಂಖ್ಯೆ. ಎರಡರಿಂದ ಗುಣಿಸುತ್ತ ಹೋದರೆ ಕೊನೆಯ ಅಂಕಿ 2, 4, 8, 6 ಎಂದು ಸುತ್ತು ಹೊಡೆಯುತ್ತದೆ. 136279841ನ್ನು 4ರಿಂದ ಭಾಗಿಸಿದರೆ 1 ಉಳಿಯುತ್ತದೆ. ಅಂದರೆ ಸುತ್ತಿನ ಮೊದಲ ಅಂಕಿ, 2. ಅದರಲ್ಲಿ ಒಂದು ಕಳೆಯಿರಿ.