ಆನ್‌ಲೈನ್ ಪಾಠದಿಂದ ವಿದ್ಯಾರ್ಥಿಗಳ ಯೋಚನೆ ಬದಲಾಗುತ್ತದಾ?

ನೀವು ಕೇಳಿದ್ದು: ‘ಡಿಗ್ರಿ ಕಾಲೇಜಿಗೆ ಹೊಸದಾಗಿ ಸೇರಿದ್ದೇನೆ, ವಾರಕ್ಕೆ ಎರಡು ದಿನ ಆನ್‌ಲೈನ್ ಪಾಠ. ಬರೀ ನೋಟ್ಸ್ ಓದಿ ಹೇಳುವುದಾಗದೆ, ಮಕ್ಕಳ ಯೋಚನೆಯೇ ಬದಲಾಗುವ ಹಾಗೆ ಕಲಿಸಲು ಆಗುತ್ತದಾ?’

ಆಗುತ್ತದೆ. ನಾನು ತೀರ್ಥಹಳ್ಳಿ ಕಡೆಯ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ, ಕ್ಲಾಸಿನಲ್ಲಿ ಹೇಳುತ್ತಿದ್ದದ್ದನ್ನೇ ಮೊಬೈಲ್ ಮುಂದೆ ಕೂತು ಒಂದು ಗಂಟೆ ಹೇಳುತ್ತಿದ್ದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ನೆಟ್‌ವರ್ಕ್ ಬೇಕೆಂದರೆ ಗುಡ್ಡ ಹತ್ತಬೇಕು. ಜಡಿಮಳೆಯಲ್ಲಿ ಒಬ್ಬ ಹುಡುಗಿ ಕೊಡೆ ಹಿಡಿದು ಗುಡ್ಡದ ಮೇಲೆ ನಿಂತು ನನ್ನ ಪಾಠ ಕೇಳುತ್ತಿದ್ದಳು. ಅದು ಗೊತ್ತಾದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಷ್ಟು ಕಷ್ಟಪಟ್ಟು ಬಂದವಳಿಗೆ ನಾನು ಹೇಳುತ್ತಿದ್ದದ್ದು ಪುಸ್ತಕದಲ್ಲೇ ಇದ್ದ ಮಾತು.

ಮಕ್ಕಳು ಮನೆಯಲ್ಲಿದ್ದಾರೆ ಅನ್ನುವುದನ್ನು ನಾನು ಕೊರತೆ ಅಂದುಕೊಂಡಿದ್ದೆ. ಅರ್ಥಶಾಸ್ತ್ರ ಕಲಿಯಲು ಮನೆಗಿಂತ ಒಳ್ಳೆ ಜಾಗ ಎಲ್ಲಿದೆ?

ಆ ವರ್ಷ ಅಡಿಕೆ ಕೊಯ್ಲಿನ ಹೊತ್ತಿಗೆ ರಾಷ್ಟ್ರೀಯ ಆದಾಯದ ಪಾಠ ಬಂತು. ‘ನಿಮ್ಮ ಮನೆಯಲ್ಲಿ ದುಡಿಯುವವರು ಯಾರು?’ ಅಂತ ವಾಟ್ಸಾಪ್‌ನಲ್ಲಿ ಕೇಳಿದೆ. ಹೆಚ್ಚಿನವರು ಅಪ್ಪ, ಅಣ್ಣ, ಕೂಲಿಗೆ ಬರುವವರು ಅಂತ ಬರೆದರು. ಅಮ್ಮ? ‘ಮನೆಯಲ್ಲೇ ಇರ್ತಾರೆ ಮೇಡಂ.’ ಸರಿ, ಒಂದು ದಿನ ಪೂರ್ತಿ ಅಮ್ಮನ ಕೆಲಸ ನೋಡಿ, ಗಡಿಯಾರ ನೋಡಿ, ಬರೆದು ಕಳಿಸಿ ಅಂದೆ.

ಒಬ್ಬ ಹುಡುಗನ ಪಟ್ಟಿ ಇವತ್ತಿಗೂ ನನ್ನ ಹತ್ತಿರ ಇದೆ. ಐದಕ್ಕೆ ಒಲೆ. ಆಮೇಲೆ ಕೊಟ್ಟಿಗೆ, ಹಾಲು, ತಿಂಡಿ. ಹನ್ನೊಂದಕ್ಕೆ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ. ನಡುವೆ ಎದ್ದು ಅಡುಗೆ. ಊಟದ ಪಾತ್ರೆ ತೊಳೆದು ರಾತ್ರಿ ಹತ್ತೂವರೆವರೆಗೆ ಮತ್ತೆ ಸುಲಿತ. ಕೆಳಗೆ ಬರೆದಿದ್ದ: ‘ಸುಲಿಯಲು ಬಂದವರಿಗೆ ಕೆಜಿ ಲೆಕ್ಕದಲ್ಲಿ ದುಡ್ಡು ಕೊಟ್ಟೆವು. ಪಕ್ಕದಲ್ಲೇ ಕೂತು ಸುಲಿದ ಅಮ್ಮನ ಹೆಸರು ನಮ್ಮ ಲೆಕ್ಕದ ಪುಸ್ತಕದಲ್ಲಿ ಇಲ್ಲ ಮೇಡಂ.’

ಪಾಠ ಶುರು ಮಾಡಿದ್ದು ಅಲ್ಲಿಂದ. ಅಮ್ಮ ಸುಲಿದ ಅಡಿಕೆ ಮಾರಾಟವಾಗಿ ದೇಶದ ಆದಾಯಕ್ಕೆ ಸೇರುತ್ತದೆ, ಮನೆಯವರಿಗೆ ಮಾಡಿದ ಅಡುಗೆ ಸೇರುವುದಿಲ್ಲ. ಯಾಕೆ? ಆಮೇಲೆ ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆ ತೋರಿಸಿದೆ. ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರದ್ದು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರದ್ದು 97. ಸುಮ್ನೆ ಹೇಳಿದ್ದರೆ ಪರೀಕ್ಷೆಗೆ ಬರೆದುಕೊಳ್ಳುತ್ತಿದ್ದರು. ಈಗ ತಮ್ಮ ಪಟ್ಟಿ ಪಕ್ಕಕ್ಕಿಟ್ಟು ನೋಡಿದರು. ‘ನಮ್ಮ ಮನೆಯದ್ದು ಇದಕ್ಕಿಂತ ಜಾಸ್ತಿ’ ಅಂದವರೇ ಹೆಚ್ಚು.

ಅಮೆರಿಕದ ಶಿಕ್ಷಣ ತಜ್ಞ ಜ್ಯಾಕ್ ಮೆಜಿರೋ, ವಯಸ್ಸಾದ ಮೇಲೆ ಮತ್ತೆ ಕಾಲೇಜಿಗೆ ಸೇರಿದ ಹೆಂಗಸರನ್ನು ಗಮನಿಸಿ, ಹೀಗೆ ಯೋಚನೆ ಬದಲಾಗುವುದರ ಬಗ್ಗೆ 1978ರಲ್ಲಿ ಬರೆದರು. ಪ್ರಶ್ನೆಯೇ ಮಾಡದೆ ನಂಬಿಕೊಂಡು ಬಂದದ್ದು ಒಮ್ಮೆ ಅಲುಗಾಡಬೇಕು, ಆಮೇಲೆ ಅದನ್ನು ಬೇರೆಯವರ ಜೊತೆ ಮಾತಾಡಿ ತೂಗಿ ನೋಡಬೇಕು ಅನ್ನುವುದು ಅವರ ವಿಚಾರ. ಆನ್‌ಲೈನ್‌ನಲ್ಲಿ ನಾವು ಬಿಟ್ಟುಬಿಡುವುದು ಈ ಮಾತಾಡುವ ಭಾಗವನ್ನೇ. ನಾನು ನಾಲ್ಕು ನಾಲ್ಕು ಜನರ ಗುಂಪು ಮಾಡಿ, ಮಾಮೂಲಿ ಫೋನ್ ಕರೆಯಲ್ಲಿ ಮಾತಾಡಿಕೊಳ್ಳಲು ಹೇಳಿದೆ. ಅದಕ್ಕೆ ಡೇಟಾ ಬೇಡ. ಪ್ರತಿಯೊಬ್ಬರ ಬರಹಕ್ಕೂ ಎರಡು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿದೆ. ಇದಕ್ಕೆ ತುಂಬಾ ಹೊತ್ತು ಬೇಕು. ಹಾಗಾಗಿ ನೋಟ್ಸ್ ಪಿಡಿಎಫ್ ಮಾಡಿ ಕಳಿಸಿ, ಲೈವ್ ಕ್ಲಾಸನ್ನು 25 ನಿಮಿಷಕ್ಕೆ ಇಳಿಸಿದೆ.

ಒಂದು ಎಚ್ಚರಿಕೆ. ಕ್ಯಾಮೆರಾ ಹಾಕಲೇಬೇಕು ಅನ್ನಬೇಡಿ. ಮನೆ ವಿಷಯ ಬರೆದದ್ದನ್ನು ಅವರನ್ನು ಕೇಳದೆ ಎಲ್ಲರ ಮುಂದೆ ಓದಬೇಡಿ. ತಾಯಿ ಇಲ್ಲದ ಒಬ್ಬ ಹುಡುಗಿ ಅವತ್ತು ತನ್ನದೇ ದಿನದ ಪಟ್ಟಿ ಕಳಿಸಿದ್ದಳು. ‘ಅಮ್ಮ’ ಅಂತ ಕೇಳುವ ಮೊದಲು ನಾನು ಯೋಚಿಸಬೇಕಿತ್ತು. ಈಗ ‘ಮನೆಯಲ್ಲಿ ಅಡುಗೆ ಮಾಡುವವರು’ ಅಂತ ಕೇಳುತ್ತೇನೆ.

ನಿಮ್ಮ ವಿಷಯ ಯಾವುದು ಅಂತ ಬರೆದಿಲ್ಲ. ಸಸ್ಯಶಾಸ್ತ್ರವಾದರೆ ಅಡಿಕೆಯ ಕೊಳೆರೋಗ, ರಸಾಯನಶಾಸ್ತ್ರವಾದರೆ ಅದಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತಕ್ಕೆ ಸುಣ್ಣ ಯಾಕೆ ಬೆರೆಸುತ್ತಾರೆ ಅನ್ನುವ ಪ್ರಶ್ನೆಯಿಂದ ಶುರು ಮಾಡಬಹುದು. ಬೇರೆ ವಿಷಯವಾದರೆ ತಿಳಿಸಿ, ಕೂತು ಯೋಚನೆ ಮಾಡೋಣ.